ಚಮಚ ಸಿಕ್ಕಿದ ದಿನ

ಹಿಂಬಾಗಿಲಲ್ಲಿ ಚೀಲ ತೋರಿಸದೆ ಆ ದೊಡ್ಡ ಮನೆಯಿಂದ ಯಾವ ಆಳೂ ಹೊರಗೆ ಕಾಲಿಡುವಂತಿರಲಿಲ್ಲ. ಇದೇನು ಯಜಮಾನರು ಮಾಡಿದ ನಿಯಮವಲ್ಲ. ಅವರಿಗೆ ಇಂಥದಕ್ಕೆಲ್ಲ ಪುರುಸೊತ್ತೆಲ್ಲಿ? ಮಾಡಿದವನು ಆ ಮನೆಯ ಆಳುಗಳಿಗೆಲ್ಲ ಹಿರಿಯನಾದ ಮೇಸ್ತ್ರಿ. ಎದುರಿಗೆ ಎಲ್ಲರೂ ಅವನನ್ನು ಮೇಸ್ತ್ರಿಗಳೇ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ ಗಡಿಯಾರ ಎನ್ನುತ್ತಿದ್ದರು. ಗಡಿಯಾರವಾದರೂ ಒಮ್ಮೊಮ್ಮೆ ಕೀಲಿ ಕೊಡದಿದ್ದರೆ ನಿಲ್ಲುತ್ತದೆ, ಈ ಪುಣ್ಯಾತ್ಮನಿಗೆ ಅದೂ ಇಲ್ಲ ಎಂದು ಬಟ್ಟೆ ಒಗೆಯುವವಳು ನಗುತ್ತಿದ್ದಳು.

ಸಂಜೆ ಆರಕ್ಕೆ ಎಲ್ಲರೂ ಹಿಂಬಾಗಿಲ ಹತ್ತಿರ ಸಾಲಾಗಿ ನಿಲ್ಲಬೇಕು. ತೋಟದವನು, ಡ್ರೈವರು, ಒಗೆಯುವವಳು, ನೆಲ ಒರೆಸುವವಳು, ಕೊನೆಯಲ್ಲಿ ಅಡುಗೆಯಕ್ಕ. ಮೇಸ್ತ್ರಿ ಎರಡು ಬೆರಳಲ್ಲಿ ಚೀಲದ ಬಾಯಿ ಅಗಲಿಸಿ ಒಳಗೆ ನೋಡುತ್ತಿದ್ದ. ಕೈ ಹಾಕುತ್ತಿರಲಿಲ್ಲ, ಅಷ್ಟು ಮರ್ಯಾದೆ ಇತ್ತು. ನೋಡಿ "ಸರಿ" ಎನ್ನುತ್ತಿದ್ದ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಹೊಸ್ತಿಲು ದಾಟಬೇಕು. ಒಮ್ಮೆ ಅವನಿಗೆ ಕೆಮ್ಮು ಬಂದು ಮಾತು ಹೊರಡದೆ ಹೋದಾಗ, ತೋಟದವನು ಪಾಪ ಒಂದು ಕಾಲು ಎತ್ತಿಕೊಂಡೇ ನಿಂತಿದ್ದನಂತೆ.

ಈ ಅಡುಗೆಯಕ್ಕ ಯಾರು ಅಂತೀರಿ? ಮೇಸ್ತ್ರಿಯ ಹೆಂಡತಿ. ಕೈಹಿಡಿದವಳು.

ಆ ಮನೆಯೊಳಗೆ ಮಾತ್ರ ಅವನು ಅವಳನ್ನು "ಅಡುಗೆಯವರೇ" ಎಂದು ಬಹುವಚನದಲ್ಲಿ ಕರೆಯುತ್ತಿದ್ದ, ಅವಳು "ಮೇಸ್ತ್ರಿಗಳೇ" ಎನ್ನುತ್ತಿದ್ದಳು. ಹತ್ತು ನಿಮಿಷ ನಡೆದು ತಮ್ಮ ಎರಡು ಕೋಣೆಯ ಬಾಡಿಗೆ ಮನೆ ಸೇರಿದ ಮೇಲೆಯೇ ಅವನಿಗೆ ಅವಳು "ಏನೇ" ಆಗುತ್ತಿದ್ದಳು, ಅವಳಿಗೆ ಅವನು "ರೀ" ಆಗುತ್ತಿದ್ದ. ಮೊದಮೊದಲು ಅವಳಿಗೆ ಇದು ಭಾರಿ ತಮಾಷೆ. ಚೀಲ ತೋರಿಸುವಾಗ ತಗ್ಗಿದ ದನಿಯಲ್ಲಿ, "ಮೇಸ್ತ್ರಿಗಳೇ, ನಿಮ್ಮನೆಯವರು ತುಂಬಾ ಒಳ್ಳೆಯವರಂತೆ, ಹೌದಾ?" ಎಂದು ಕೇಳುವಳು. ಅವನು ಮುಖ ಬಿಗಿದುಕೊಂಡು "ಸರಿ" ಎನ್ನುವನು. ಮನೆಗೆ ಹೋದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವರು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಮಕ್ಕಳಾಗಲಿಲ್ಲ. ಆ ನಗುವೊಂದು ಇತ್ತು.

ಅತಿಥಿಗಳು ಬರುವ ದಿನ ತೊಡಲೆಂದು ಮೇಸ್ತ್ರಿಗೆ ಮನೆಯವರು ಒಂದು ಕಪ್ಪು ಕೋಟು ಹೊಲಿಸಿ ಕೊಟ್ಟಿದ್ದರು. ದಪ್ಪ ಬಟ್ಟೆ, ಒಳಗೆ ಅದಕ್ಕಿಂತ ದಪ್ಪ ಅಸ್ತರು, ಅಂಚಿಗೆ ಗಟ್ಟಿ ಕ್ಯಾನ್ವಾಸು. ಅದರ ಒಳಜೇಬಿನ ಮೂಲೆ ಹರಿದಿತ್ತು. "ಮನೆಗೆ ತಗೊಂಡು ಬನ್ನಿ, ಎರಡು ಹೊಲಿಗೆ ಹಾಕ್ಕೊಡ್ತೀನಿ" ಎಂದು ಅವಳು ಎಷ್ಟು ಸಲ ಹೇಳಿದ್ದಳೋ ಏನೋ. "ಆ ಮನೆ ಕೋಟು ಆ ಮನೆ ದಾಟಲ್ಲ ಕಣೇ" ಎಂಬುದೇ ಅವನ ಉತ್ತರ. "ಹಂಗಾದ್ರೆ ಅಲ್ಲೇ ಹೊಲೀಲಾ?" "ಕೆಲಸದ ಹೊತ್ತಲ್ಲಿ ಸ್ವಂತ ಕೆಲಸವಾ?" ಜೇಬು ಹರಿದೇ ಉಳಿಯಿತು.

ಇನ್ನು ಹೇಳುವುದು ಹನ್ನೊಂದು ವರ್ಷದ ಹಿಂದಿನ ಮಾತು. ಮಹಡಿಯ ಮೇಲೆ ಯಜಮಾನರ ತಂದೆ ಹಾಸಿಗೆ ಹಿಡಿದಿದ್ದರು. ಅವರ ಔಷಧಿಗೆ ಒಂದು ಪುಟ್ಟ ಬೆಳ್ಳಿ ಚಮಚ, ಹನ್ನೆರಡರ ಸೆಟ್ಟಿನದು. ಒಂದು ಮಧ್ಯಾಹ್ನ ಕೆಳಗೆ ಅತಿಥಿಗಳು ತುಂಬಿದ್ದರು, ಮೇಲೆ ಮುದುಕರಿಗೆ ಕೆಮ್ಮು ಹತ್ತಿತ್ತು. ಮೇಸ್ತ್ರಿ ಔಷಧಿ ಕುಡಿಸಿ ಅವರ ಎದೆ ನೀವುತ್ತಿರುವಾಗ ಕೆಳಗಿನಿಂದ ಗಂಟೆ ಬಾರಿಸಿದರು. ಅವನು ಚಮಚ ಒರೆಸಿ, ಒಂದು ಕೈಯಲ್ಲಿ ಮುದುಕರನ್ನು ದಿಂಬಿಗೆ ಒರಗಿಸುತ್ತ, ಇನ್ನೊಂದು ಕೈಯಲ್ಲಿ ಅದನ್ನು ಕೋಟಿನ ಒಳಜೇಬಿಗೆ ಇಳಿಬಿಟ್ಟ. ಆಮೇಲೆ ಔಷಧಿಯ ಟ್ರೇ ಎತ್ತಿಕೊಂಡು ಕೆಳಗೋಡಿದ. ಮನೆಯ ವಸ್ತು ಜೇಬಿಗೆ ಹೋಗಕೂಡದು ಎಂದು ಊರಿಗೆಲ್ಲ ಹೇಳುವವನು ಅವನೇ. ತಾನು ಅಂಥ ಕೆಲಸ ಮಾಡುವವನೇ ಅಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿ ಎಂದರೆ, ಮಾಡಿದ್ದೇ ಅವನ ನೆನಪಿನಲ್ಲಿ ಉಳಿಯಲಿಲ್ಲ. ಚಮಚ ಹರಿದ ಮೂಲೆಯಿಂದ ಅಸ್ತರಿನೊಳಗೆ ಇಳಿದು ಅಂಚಿನ ಕ್ಯಾನ್ವಾಸಿನಲ್ಲಿ ಕೂತುಬಿಟ್ಟಿತು.

ಸಂಜೆ ಎಣಿಸಿದರೆ ಹನ್ನೊಂದೇ ಚಮಚ.

ಒಬ್ಬೊಬ್ಬರ ಚೀಲವನ್ನೂ ಎರಡೆರಡು ಸಲ ನೋಡಿದ್ದಾಯಿತು. "ಎಲ್ಲರ ಚೀಲ ಮೇಸ್ತ್ರಿಗಳು ನೋಡ್ತಾರೆ, ಮೇಸ್ತ್ರಿಗಳ ಜೇಬು ಯಾರು ನೋಡ್ತಾರಪ್ಪಾ?" ಎಂದಳು ಒಗೆಯುವವಳು. ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕ. ಕೋಟು ಅಷ್ಟು ಹೊತ್ತಿಗೆ ಬೀರುವಿನಲ್ಲಿ ತೂಗುತ್ತಿತ್ತು. ಅಡುಗೆಯಕ್ಕ ಮಾತ್ರ ನಗದೆ, "ಟ್ರೇ ವಾಪಸ್ ಬಂದಾಗ ಅದರಲ್ಲಿ ಚಮಚ ಇರಲಿಲ್ಲ" ಎಂದಳು.

"ಇತ್ತು," ಎಂದ ಅವನು. "ನಾನೇ ಇಟ್ಟಿದ್ದು."

ಯಜಮಾನಿ ಅವನನ್ನು ಊಟದ ಕೋಣೆಗೆ ಕರೆದರು. ಅವರೇನು ಕೆಟ್ಟವರಲ್ಲ. "ನೋಡಿ ಮೇಸ್ತ್ರಿ, ಹೋದ್ರೆ ಹೋಗಲಿ. ನನಗೆ ಬೇಕಾಗಿರೋದು ಒಂದೇ ಮಾತು. ಗಂಡ ಅಂತ ಕೇಳ್ತಿಲ್ಲ, ಮೇಸ್ತ್ರಿ ಅಂತ ಕೇಳ್ತಿದೀನಿ. ಅಡುಗೆಯವರು ತೆಗೆದಿಲ್ಲ ಅಂತ ಖಾತ್ರಿಯಾಗಿ ಹೇಳ್ತೀರಾ? ನೀವು ಹೇಳಿದ್ರೆ ಇಲ್ಲಿಗೇ ಮುಗೀತು."

ಹೇಳಬಾರದಿತ್ತೇ! ಇಪ್ಪತ್ತಾರು ವರ್ಷ ಅವಳ ಪಕ್ಕದಲ್ಲಿ ಮಲಗಿ ಎದ್ದವನು. ಒಂದು ಮಾತು, ಅಷ್ಟೇ. ಆದರೆ ಅವನು ಕೈ ಹಿಂದೆ ಕಟ್ಟಿಕೊಂಡು, ಮೂರು ಹೆಜ್ಜೆ ದೂರದಲ್ಲಿ ನಿಂತು, ತೂಕ ಮಾಡಿ ಉತ್ತರ ಕೊಟ್ಟ. "ಖಾತ್ರಿಯಾಗಿ ಯಾರ ಬಗ್ಗೆಯೂ ಹೇಳೋಕಾಗಲ್ಲ ಅಮ್ಮಾ."

ಬಾಗಿಲ ಆಚೆ ತಟ್ಟೆಗಳನ್ನು ಹಿಡಿದುಕೊಂಡು ಅಡುಗೆಯಕ್ಕ ನಿಂತಿದ್ದಳು. ಅವು ಅವಳ ಕೈಯಿಂದ ಬೀಳಲಿಲ್ಲ. ಒಂದೊಂದಾಗಿ ಕಪಾಟಿನಲ್ಲಿ ಜೋಡಿಸಿದಳು, ಒಲೆ ಒರೆಸಿದಳು, ಚೀಲ ತಗೊಂಡು ಹಿಂಬಾಗಿಲಿಗೆ ಬಂದು ಮತ್ತೆ ಅದರ ಬಾಯಿ ತೆರೆದು ಹಿಡಿದಳು. ಮೇಸ್ತ್ರಿ ನೋಡಿದ. ಒಂದು ಟವೆಲು, ಒಂದು ಬಾಚಣಿಗೆ, ನೀರಿನ ಬಾಟಲಿ. ಹಿಂದೆ ಯಜಮಾನಿ ನಿಂತಿದ್ದರು, ಉಳಿದ ಆಳುಗಳೂ ಇದ್ದರು. ಅವನಿಗೆ "ಸರಿ" ಎನ್ನಲು ಆಗಲಿಲ್ಲ. "ನಾಳೆ ನೋಡೋಣ" ಎಂದ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಆ ಮಾತಿಲ್ಲದೆಯೇ ಹೊಸ್ತಿಲು ದಾಟಿದಳು.

ಅವನು ಮನೆಗೆ ಬಂದಾಗ ಅವಳು ಟ್ರಂಕು ತೆರೆದು ಕೂತಿದ್ದಳು. "ಒಂದು ಮಾತು ಹೇಳಬಹುದಿತ್ತು ನೀವು."

"ಹೇಳಿದ್ರೆ ಹೆಂಡತಿ ಪರ ಮಾತಾಡ್ದ ಅಂತಿದ್ರು."

"ಅನ್ಲಿ. ಅಲ್ವಾ ಮತ್ತೆ? ಹೆಂಡತಿ ಅಲ್ವಾ ನಾನು?"

ಅವನು ನಿಯಮ, ನ್ಯಾಯ, ಹತ್ತು ಜನರ ಕಣ್ಣು ಎಂದೆಲ್ಲ ಹೇಳಿದ. ಎಲ್ಲ ಸರಿಯಾದ ಮಾತೇ, ಒಂದರಲ್ಲೂ ಹುಳುಕಿರಲಿಲ್ಲ. ಅವಳು ಸೀರೆಗಳನ್ನು ಮಡಿಸುತ್ತ ಕೇಳಿಸಿಕೊಂಡಳು. ಮರುದಿನ ಬೆಳಿಗ್ಗೆ ಎರಡು ಗಂಟೆ ದಾರಿಯ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟಳು. ಬಸ್ಸು ಹತ್ತಿಸಲು ಅವನು ಹೋಗಲಿಲ್ಲ. ಆರೂವರೆಗೆ ಮುದುಕರಿಗೆ ಬಿಸಿನೀರು ಕೊಡಬೇಕಿತ್ತು.

ಆ ಮುದುಕರು ತಿಂಗಳೊಳಗೆ ತೀರಿಕೊಂಡರು. ಆಮೇಲೆ ಆ ಮನೆಯಲ್ಲಿ ದೊಡ್ಡ ಔತಣಗಳು ನಿಂತವು, ಮತ್ತೆ ಶುರುವಾದಾಗ ಹೊಸ ನಮೂನೆಯ ಕೋಟು ಬಂತು. ಹಳೆಯದು ಬೀರುವಿನಲ್ಲೇ ಉಳಿಯಿತು. ಮೇಸ್ತ್ರಿ ವರ್ಷಕ್ಕೆರಡು ಸಲ ರಜೆ ಹಾಕಿ ನಾದಿನಿಯ ಮನೆಗೆ ಹೋಗುತ್ತಿದ್ದ. ಹೆಂಡತಿ ಅಲ್ಲಿ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಬಂದವನಿಗೆ ಊಟ ಬಡಿಸುವಳು, ಕಾಲುನೋವು ಹೇಗಿದೆ ಎಂದು ವಿಚಾರಿಸುವಳು. "ಮನೆಗೆ ಬಾ" ಎಂದರೆ ಮಾತ್ರ ಒಂದೇ ಪ್ರಶ್ನೆ: "ಚಮಚ ಸಿಕ್ತಾ?"

"ಇಲ್ಲ."

"ಸಿಕ್ಕಿದ ದಿನ ಬಂದು ಹೇಳಿ. ಅವತ್ತೇ ಹೊರಡ್ತೀನಿ. ಕಳ್ಳಿ ಅನ್ನಿಸ್ಕೊಂಡು ಆ ಬೀದೀಲಿ ನಡೆಯೋಕೆ ನನ್ ಕೈಲಿ ಆಗಲ್ಲ."

ಎರಡು ವರ್ಷದ ಹಿಂದೆ ಅವನು ಕೆಲಸದಿಂದ ನಿವೃತ್ತನಾದ. ಕೊನೆಯ ದಿನ ತನ್ನ ಚೀಲವನ್ನು ತಾನೇ ತೆರೆದು, ಹೊಸದಾಗಿ ಬಂದ ಮೇಸ್ತ್ರಿಗೆ ತೋರಿಸಿದ. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದ ಅವನಿಗೆ ಇದೇನೆಂದೇ ಅರ್ಥವಾಗಲಿಲ್ಲ. "ಏನ್ ಸಾರ್? ಏನಾದ್ರೂ ಬೇಕಿತ್ತಾ?" ಎಂದ. ಬೀರುವಿನಲ್ಲಿದ್ದ ಹಳೇ ಕೋಟನ್ನು ನೆನಪಿಗಿರಲಿ ಎಂದು ಮನೆಯವರು ಹಳೇ ಮೇಸ್ತ್ರಿಯ ಕೈಗೆ ಕೊಟ್ಟು ಕಳಿಸಿದರು.

ಈ ವರ್ಷ ಚಳಿ ಜಾಸ್ತಿ. ಒಂದು ಸೋಮವಾರ ಬೆಳಿಗ್ಗೆ ಅವನು ಆ ಕೋಟು ತೊಟ್ಟು ಕುರ್ಚಿಯಲ್ಲಿ ಕೂತ. ಅಂಚು ಕುರ್ಚಿಯ ಕಾಲಿಗೆ ಬಡಿದು ಟಕ್ ಎಂದಿತು. ಎದ್ದು ಮತ್ತೆ ಕೂತ. ಮತ್ತೆ ಟಕ್. ಅಂಚು ಹಿಡಿದು ಹಿಚುಕಿ ನೋಡಿದ. ಅವಳು ಬಿಟ್ಟುಹೋಗಿದ್ದ ಸೂಜಿಡಬ್ಬಿಯಿಂದ ಕತ್ತರಿ ತೆಗೆದು ಹೊಲಿಗೆ ಬಿಚ್ಚಿದ. ಕಪ್ಪಗಾದ ಪುಟ್ಟ ಚಮಚ ಅವನ ತೊಡೆಯ ಮೇಲೆ ಬಿತ್ತು.

ಅವನಿಗೆ ಎಲ್ಲ ನೆನಪಾಯಿತು. ಮುದುಕರ ಬೆವರಿದ ಬೆನ್ನು, ಗಂಟೆಯ ಸದ್ದು, ಜೇಬಿಗೆ ಇಳಿದ ತನ್ನದೇ ಕೈ. ಅಯ್ಯೋ ದೇವರೇ ಎಂದು ಗಟ್ಟಿಯಾಗಿ ಅತ್ತುಬಿಟ್ಟ. ಅರವತ್ತೆಂಟು ವರ್ಷದ ಗಂಡಸು, ಕೇಳುವವರು ಯಾರೂ ಇಲ್ಲದ ಮನೆಯಲ್ಲಿ, ಕೋಟನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಅತ್ತ. ಆಮೇಲೆ ಎದ್ದು ಮುಖ ತೊಳೆದು, ಚಮಚವನ್ನು ತನ್ನ ಮುಖ ಕಾಣುವ ತನಕ ತಿಕ್ಕಿ ಹೊಳಪು ಬರಿಸಿದ. ಒಗೆದ ಅಂಗಿ ತೊಟ್ಟು ಹೊರಬಿದ್ದ.

ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಬಸ್ ನಿಲ್ದಾಣ, ಬಲಕ್ಕೆ ತಿರುಗಿದರೆ ದೊಡ್ಡ ಮನೆ. ನಮ್ಮ ಗಡಿಯಾರ ಬಲಕ್ಕೆ ತಿರುಗಿತು. ಮನೆಯ ವಸ್ತು ಮೊದಲು ಮನೆ ಸೇರಬೇಕು, ಉಳಿದದ್ದು ಆಮೇಲೆ. ಹೀಗೆಂದು ಅವನು ಯೋಚನೆ ಮಾಡಿದನೇ ಎಂದರೆ ಅದೂ ಇಲ್ಲ, ಕಾಲುಗಳೇ ಆ ಕಡೆ ನಡೆದವು.

ಹಳೇ ಯಜಮಾನಿ ಈಗಿಲ್ಲ. ಮನೆ ನೋಡಿಕೊಳ್ಳುವವರು ಅವರ ಸೊಸೆ, ಪರಸ್ಥಳಕ್ಕೆ ಹೋಗಿದ್ದಾರೆ, ಗುರುವಾರ ಬರುತ್ತಾರೆ ಎಂದರು ಅಲ್ಲಿನ ಆಳುಗಳು. "ಇಲ್ಲಿ ಕೊಟ್ಟು ಹೋಗಿ ಸಾರ್, ನಾನು ತಲುಪಿಸ್ತೀನಿ" ಎಂದ ವೈರಿನ ಮೇಸ್ತ್ರಿ. ಕೈಯಿಂದ ಕೈಗೇ ಕೊಡಬೇಕು ಎಂದು ಇವನು ವಾಪಸು ಬಂದ. ಮಂಗಳವಾರ ಕಾದ, ಬುಧವಾರವೂ ಕಾದ. ಸುಮ್ಮನೆ ಕೂರಲಿಲ್ಲ ಅನ್ನಿ. ಅವಳು ಬಂದರೆ ಬೇಕಲ್ಲ ಎಂದು ಮನೆ ಗುಡಿಸಿ ಒರೆಸಿದ, ಅವಳ ದಿಂಬಿಗೆ ಹೊಸ ಗವಸು ಹಾಕಿದ, ಒಲೆಯ ಬರ್ನರುಗಳನ್ನು ಉಜ್ಜಿದ.

ಗುರುವಾರ ಸೊಸೆ ಚಮಚವನ್ನು ತಿರುಗಿಸಿ ನೋಡಿ, "ಅಯ್ಯೋ, ಈ ಸೆಟ್ಟು ಅತ್ತೆ ಇದ್ದಾಗಲೇ ಯಾರಿಗೋ ಕೊಟ್ಟಾಯ್ತಲ್ಲ" ಎಂದರು. "ಇದೊಂದು ಇಟ್ಕೊಂಡು ಏನ್ ಮಾಡ್ಲಿ? ನೀವೇ ಇಟ್ಕೊಳ್ಳಿ. ಹಾಂ, ಯಾರೋ ಅಡುಗೆಯವಳು ಕದ್ದು ಓಡಿಹೋದ್ಲು ಅಂತ ಅತ್ತೆ ಹೇಳ್ತಿದ್ರಪ್ಪ. ಇದೇನಾ ಅದು?"

"ಕದ್ದಿರಲಿಲ್ಲ ಅಮ್ಮಾ," ಎಂದ ಅವನು. ಕೈ ಹಿಂದೆ ಕಟ್ಟಿಕೊಂಡೇ ಇದ್ದ. "ಅವಳು ನನ್ನ ಹೆಂಡತಿ."

ಆ ಮನೆಯೊಳಗೆ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಸೊಸೆ, ಕಾಫಿ ಕುಡಿದು ಹೋಗಿ ಎಂದರು. ಅವನು ಕುಡಿಯಲಿಲ್ಲ.

ಶುಕ್ರವಾರ ಮೊದಲ ಬಸ್ಸಿಗೇ ಹೊರಟ. ನಾದಿನಿ ಹೊಲಿಗೆಯವಳು, ಮುಂದಿನ ಕೋಣೆಯಲ್ಲೇ ಅವಳ ಮಿಷನ್ನು. ಭಾವನನ್ನು ಕಂಡವಳೇ, "ಏನ್ ಭಾವ, ರಜೆ ಸಿಕ್ತಾ?" ಎಂದು ಕುಟುಕಿದಳು. ನಿವೃತ್ತಿಯಾಗಿ ಎರಡು ವರ್ಷವಾದರೂ ಅವಳು ಆ ಪ್ರಶ್ನೆ ಬಿಟ್ಟಿರಲಿಲ್ಲ. ಅವನು ಜೇಬಿನಿಂದ ಚಮಚ ತೆಗೆದು ಮೇಜಿನ ಮೇಲಿಟ್ಟ. ಮಿಷನ್ನಿನ ಸದ್ದು ನಿಂತಿತು. ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಹೆಂಡತಿ ಬಂದಳು.

ಅವಳು ಅದನ್ನು ಎತ್ತಿಕೊಂಡು ಅಂಗೈಯಲ್ಲಿ ಇಟ್ಟು ನೋಡಿದಳು. "ಇಷ್ಟು ಚಿಕ್ಕದಾ? ಇಷ್ಟು ವರ್ಷದಲ್ಲಿ ನನ್ನ ತಲೇಲಿ ಅದು ಸೌಟಿನಷ್ಟಾಗಿತ್ತು," ಎಂದಳು. "ಎಲ್ಲಿತ್ತು ರೀ?"

"ನನ್ನ ಕೋಟಲ್ಲಿ. ಅಸ್ತರಿನೊಳಗೆ. ನಾನೇ ಜೇಬಿಗೆ ಹಾಕ್ಕೊಂಡಿದ್ದೆ ಕಣೇ. ನನ್ನದೇ ತಪ್ಪು. ಎಲ್ಲಾ ನನ್ನದೇ."

"ಆ ಹರಿದ ಜೇಬಾ?" ಅವಳಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಬಡ್ಕೊಂಡೆ, ಎರಡು ಹೊಲಿಗೆ ಹಾಕ್ಕೊಡ್ತೀನಿ ಅಂತ!"

"ಕಂಕುಳಲ್ಲಿ ಕೂಸು, ಊರೆಲ್ಲಾ ಹುಡುಕಾಟ," ಎಂದಳು ನಾದಿನಿ. "ನಮ್ಮಕ್ಕನ ಹನ್ನೊಂದು ವರ್ಷ ಹಾಳು ಮಾಡಿ ಈಗ ಬಂದ್ರು ನೋಡು ಸಾಹೇಬ್ರು!"

"ಸುಮ್ನಿರೇ ನೀನು," ಎಂದು ಅವಳು ತಂಗಿಯನ್ನು ಗದರಿದಳು. ಅವಳ ಮುಖ ಹಳೆಯ ದಿನಗಳ ಮುಖದಂತೆ ಹಗುರಾಗಿತ್ತು. ಬರುತ್ತಾಳೆ, ಇವತ್ತೇ ಬರುತ್ತಾಳೆ ಎಂದುಕೊಂಡ ಅವನು. ಅವಳು ಅವನ ಪಕ್ಕದ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡು, "ಯಾವಾಗ ಸಿಕ್ತು? ಬೆಳಿಗ್ಗೆನಾ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳಿ ಗೊತ್ತಿದ್ದ ಜೀವವೇ ಅದು?

"ಸೋಮವಾರ."

ಅವಳು ಬೆರಳಲ್ಲಿ ಎಣಿಸಿದಳು. ಹೆಬ್ಬೆರಳು ಕಿರುಬೆರಳಿನಿಂದ ಹೊರಟು ನಾಲ್ಕು ಸಲ ಸರಿಯಿತು. "ಇವತ್ತು ಶುಕ್ರವಾರ ಅಲ್ವಾ?"

"ಆ ಮನೆಯವರಿಗೆ ಒಪ್ಪಿಸಿ ಬರೋಣ ಅಂತ... ಅವರು ಊರಲ್ಲಿರಲಿಲ್ಲ. ಗುರುವಾರ ಬಂದ್ರು. ಅವರ ವಸ್ತು ಅಲ್ವೇನೇ? ಮೊದಲು ಅವರಿಗೆ..."

"ಮೊದಲು ಅವರಿಗೆ," ಎಂದಳು ಅವಳು.

"ನೀನು ಕದ್ದಿಲ್ಲ ಅಂತ ಹೇಳಿ ಬಂದೆ. ನನ್ನ ಹೆಂಡತಿ ಅಂತಾನೂ ಹೇಳ್ದೆ."

"ಒಳ್ಳೇದಾಯ್ತು." ಅವಳು ಎದ್ದಳು. "ಕೈ ತೊಳೀರಿ, ಊಟ ಹಾಕ್ತೀನಿ."

ಅವತ್ತು ಕೆಲಸಕ್ಕೆ ಬರುವುದಿಲ್ಲ ಎಂದು ಶಾಲೆಗೆ ಹೇಳಿಕಳಿಸಿದಳು. ಊಟದಲ್ಲಿ ಏನೂ ಕೊರತೆ ಇರಲಿಲ್ಲ. ಅವನಿಗೆ ಖಾರ ಆಗದೆಂದು ಬೇರೆಯೇ ಮಾಡಿ ಬಡಿಸಿದಳು. ಶಾಲೆಯ ಮಕ್ಕಳ ವಿಷಯ ಹೇಳಿದಳು, ಅವನ ಮಂಡಿಗೆ ಹಚ್ಚಲು ಒಂದು ಎಣ್ಣೆ ಕೊಟ್ಟಳು. ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಕೊನೆಯ ಬಸ್ಸು ಐದೂವರೆಗೆ. ಐದಾದರೂ ಅವಳು ಬಟ್ಟೆ ಬದಲಿಸಲಿಲ್ಲ, ಟ್ರಂಕಿನ ಕಡೆ ನೋಡಲಿಲ್ಲ.

"ಹೊರಡೋಣ್ವಾ?" ಎಂದು ಅವನು ಕೊನೆಗೂ ಕೇಳಿದ. "ಸಿಕ್ಕಿದ ದಿನ ಬರ್ತೀನಿ ಅಂದಿದ್ದೆ ನೀನು."

"ಅಂದಿದ್ದೆ," ಎಂದಳು. "ಸೋಮವಾರ ನಾನು ಇಲ್ಲೇ ಇದ್ದೆ. ಶಾಲೆಗೆ ರಜ ಇತ್ತು. ಇಡೀ ದಿನ ಮನೇಲೇ ಇದ್ದೆ."

ಅವನು ಎದ್ದ. ಚೀಲ ಎತ್ತಿಕೊಂಡು ಬಾಗಿಲಿಗೆ ಬಂದ. ಚಮಚ ಮೇಜಿನ ಮೇಲೇ ಇತ್ತು. ಅವಳು ಅದನ್ನು ತಂದು ಅವನ ಕೈಗೆ ಕೊಟ್ಟಳು. "ಇದನ್ನ ತಗೊಂಡು ಹೋಗಿ. ನನ್ನ ಹತ್ತಿರ ಸಿಗೋದು ಬೇಡ." ಆಮೇಲೆ ಅವನ ಚೀಲದ ಕಡೆ ಕೈ ತೋರಿಸಿದಳು. "ಎಲ್ಲಿ, ತೋರ್ಸಿ."

ತಮಾಷೆ ಇರಬೇಕು ಎಂದು ಅವನು ಮುಖ ನೋಡಿದ. ತಮಾಷೆ ಅಲ್ಲ. ಚಮಚವನ್ನು ಜೇಬಿಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಚೀಲದ ಬಾಯಿ ತೆರೆದು ಹಿಡಿದ. ಹಾಗೆ ಹಿಡಿದು ನಿಂತಾಗ ಕೈಗಳು ಎಷ್ಟು ಬೆತ್ತಲೆ ಅನ್ನಿಸುತ್ತವೆ ಎಂದು ಅವನಿಗೆ ಅಷ್ಟು ವರ್ಷ ಗೊತ್ತಿರಲಿಲ್ಲ. ಅವಳು ಎರಡು ಬೆರಳಲ್ಲಿ ಅಗಲಿಸಿ ಒಳಗೆ ನೋಡಿದಳು. ಒಂದು ಟವೆಲು, ಅವಳು ಕೊಟ್ಟ ಎಣ್ಣೆಯ ಸೀಸೆ. ಅಡಿಯಲ್ಲಿ ಮಡಿಸಿಟ್ಟ ಇನ್ನೊಂದು ದೊಡ್ಡ ಖಾಲಿ ಚೀಲ.

"ಇದ್ಯಾಕೆ?"

"ನಿನ್ನ ಬಟ್ಟೆ ತುಂಬ್ಕೊಳ್ಳೋಕೆ."

ಅವಳು ಚೀಲದಿಂದ ಬೆರಳು ತೆಗೆದಳು. ಮುಖ ಆಚೆ ತಿರುಗಿಸಿದಳು.

ಅವನು ಕಾದ. ಬೀದಿಯ ಆಚೆ ಬಸ್ಸು ಹಾರ್ನು ಹೊಡೆಯಿತು. "ಸರಿ ಅನ್ನೇ," ಎಂದ. "ನನ್ನ ಮೇಲೆ ನಂಬಿಕೆ ಇಲ್ವಾ? ನಾನೇನು ಬೇಕಂತ ಮಾಡಿದ್ನಾ? ಒಂದು ಮಾತು ಹೇಳು."

ಅವಳು ಅವನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಖಾತ್ರಿಯಾಗಿ ಯಾರ ಬಗ್ಗೆಯೂ ಹೇಳೋಕಾಗಲ್ಲ ರೀ," ಎಂದು ಹೇಳಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದಳು.

ಬಸ್ಸು ಇನ್ನೊಂದು ಸಲ ಹಾರ್ನು ಹೊಡೆದು ಹೊರಟಿತು. ಅದು ಹೋದದ್ದು ಅವನಿಗೆ ಗೊತ್ತಾಯಿತು. ಹುಟ್ಟಿದಾರಭ್ಯ ಯಾವುದಕ್ಕೂ ತಡ ಮಾಡದವನು, ತೆರೆದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಒಳಗೇ ನಿಂತಿದ್ದ. ಆ ಮಾತು ಕಿವಿಗೆ ಬೀಳದೆ ಯಾರೂ ಹೊಸ್ತಿಲು ದಾಟಕೂಡದು ಎಂದು ನಿಯಮ ಮಾಡಿದವನು ಅವನೇ.